ಅರ್ಧ ಮನೆಯ ಪ್ರಧಾನಮಂತ್ರಿ

ನಮ್ಮ ದೊಡ್ಡಪ್ಪ ಹುಟ್ಟಿದ್ದೇ ಯುದ್ಧಕಾಲದ ಪ್ರಧಾನಮಂತ್ರಿಯಾಗಲು. ಪಾಪ, ಆಳುವುದಕ್ಕೆ ದೇಶ ಸಿಗಲಿಲ್ಲ. ಹೊಳೆನರಸೀಪುರದಲ್ಲಿ ಅರ್ಧ ಮನೆ ಸಿಕ್ಕಿತು! ಇನ್ನರ್ಧ ಶತ್ರುವಿನ ಕೈಯಲ್ಲಿತ್ತು. ಶತ್ರು ಎಂದರೆ ಅವರ ಒಡಹುಟ್ಟಿದ ತಮ್ಮ, ನಮ್ಮಪ್ಪ.

ಮಹಾಯುದ್ಧದ ಕಾಲದಲ್ಲಿ ದೊಡ್ಡಪ್ಪ ಮಿಲಿಟರಿಯಲ್ಲಿದ್ದದ್ದು ನಿಜ. ಬಂದೂಕು ಹಿಡಿದಿದ್ದರೇ? ಇಲ್ಲ, ಉಗ್ರಾಣದಲ್ಲಿ ಈರುಳ್ಳಿ ಮೂಟೆ ಕಾದಿದ್ದರು. ಯುದ್ಧ, ಶಾಂತಿ, ಬಾಳು ಮೂರರ ಮರ್ಮವೂ ಅವರಿಗೆ ಅಲ್ಲೇ ಹೊಳೆಯಿತಂತೆ. ಸಂಜೆ ಪುರಸಭೆಯ ಪಾರ್ಕಿನಲ್ಲಿ ರೇಡಿಯೋ ವಾರ್ತೆ ಮುಗಿದ ಕೂಡಲೇ ಇವರ ಭಾಷಣ ಶುರು. ಶಾಂತಿಯೆಂದರೆ ಶತ್ರು ದಣಿವಾರಿಸಿಕೊಳ್ಳುವ ಹೊತ್ತು. ನಗುತ್ತ ಬಂದವನ ಮುಖ ಬಿಟ್ಟು ಕೈ ನೋಡಬೇಕು. ಒಂದು ದಿನ ಚನ್ನರಾಯಪಟ್ಟಣದ ಬಸ್ಸು ಹೊತ್ತಿಗೆ ಸರಿಯಾಗಿ ಬಂತು. ಇದರಲ್ಲಿ ಏನೋ ಮಸಲತ್ತಿದೆ ಎಂದು ಇವರು ಹತ್ತಲೇ ಇಲ್ಲ!

ಮನೆ ಪಾಲಾದಾಗ ಹಿತ್ತಿಲ ಬಾವಿ ಇಬ್ಬರಿಗೂ ಸೇರಿ ಉಳಿಯಿತು. ಅಲ್ಲಿಂದಲೇ ಗಡಿ ತಕರಾರು. ಅಪ್ಪ ಕಣ್ತಪ್ಪಿಸಿ ಎಲ್ಲೆಕಲ್ಲು ಸರಿಸುತ್ತಾರೆಂಬ ಗುಮಾನಿಯಿಂದ ದೊಡ್ಡಪ್ಪ ದಿನಾ ಬೆಳಗ್ಗೆ ಗೇಣು ಹಾಕಿ ತಮ್ಮ ಭಾಗ ಅಳೆಯುತ್ತಿದ್ದರು. ಒಮ್ಮೆ ಎರಡು ಬೆರಳು ಜಾಗ ಹೆಚ್ಚಿಗೆ ಬಂತು. ಸಂತೋಷಪಟ್ಟರೇ? ಛೆ! ತಮ್ಮ ಇದನ್ನೇಕೆ ಬಿಟ್ಟುಕೊಟ್ಟ ಎಂದು ಮೂರು ದಿನ ಊಟ ಬಿಟ್ಟರು. ಹಿಂದಿನ ದಿನ ಉಗುರು ಕತ್ತರಿಸಿಕೊಂಡು ಗೇಣೇ ಗಿಡ್ಡವಾದದ್ದು ಅವರಿಗೆ ನೆನಪೇ ಇರಲಿಲ್ಲ!

ಕೊನೆಗೆ ಅಣ್ಣತಮ್ಮಂದಿರು ಮಾತು ಬಿಟ್ಟರು. ಏಳು ವರ್ಷ! ಮಾತು ಬಿಟ್ಟವರಿಗೂ ಹೇಳುವುದಿರುತ್ತದಲ್ಲ? ಅದಕ್ಕೆ ಬಾವಿಕಟ್ಟೆಯ ಪಕ್ಕ ಕಟ್ಟುತ್ತಿದ್ದ ನಮ್ಮ ಎಮ್ಮೆ ಇತ್ತು. ಕೆಲವರು ಬಾವಿಯ ಹಗ್ಗವನ್ನು ಗಡಿ ದಾಟಿಸಿ ಬಿಟ್ಟು ಹೋಗಿದ್ದಾರೆಂದು ದೊಡ್ಡಪ್ಪ ಎಮ್ಮೆಗೆ ದೂರುವರು. ಹಗ್ಗಕ್ಕೆ ಕಾಲಿಲ್ಲ, ಎಳೆದುಕೊಂಡವರೇ ಬಿಟ್ಟಿರಬೇಕೆಂದು ಅಪ್ಪ ಅದೇ ಎಮ್ಮೆಗೆ ಉತ್ತರ ಕೊಡುವರು. ಎರಡೂ ಕಡೆಯವರದ್ದು ಕೇಳಿ ಕೇಳಿ ಎಮ್ಮೆಗೆ ಹಾಲೇ ಬತ್ತಿತು. ನನಗಂತೂ ದೊಡ್ಡಪ್ಪನನ್ನು ಕಂಡರೆ ಮೈ ಉರಿಯುತ್ತಿತ್ತು. ಅಣ್ಣ ಒಮ್ಮೆ ಮಾತಾಡಿಸಲಿ ಎಂಬುದೊಂದೇ ಅಪ್ಪನ ಆಸೆಯೆಂದು ನಮ್ಮ ಮನೆಯಲ್ಲಿ ಯಾರಿಗೆ ಗೊತ್ತಿರಲಿಲ್ಲ?

ಅರುವತ್ತೈದರಲ್ಲಿ, ಪಾಕಿಸ್ತಾನದೊಡನೆ ಕದನವಿರಾಮವಾದ ವಾರವೇ ಅಪ್ಪ ವಿಷಮಜ್ವರದಿಂದ ಮಲಗಿದರು. ಹಾಸನದ ಆಸ್ಪತ್ರೆಗೆ ಸೇರಿಸಿದೆವು. ಮಾರನೆಯ ದಿನ ಮೊದಲ ಬಸ್ಸಿಗೇ ದೊಡ್ಡಪ್ಪ ಹಾಜರು! ಡಾಕ್ಟರನ್ನು ಕೆಕ್ಕರಿಸಿ ನೋಡಿದರು, ಔಷಧಿ ಮೂಸಿದರು. ಗಂಜಿಯನ್ನು ಮೊದಲು ತಾವೇ ಒಂದು ಚಮಚ ಕುಡಿದು, ಏನೂ ಆಗಲಿಲ್ಲವೆಂದು ಖಾತ್ರಿಯಾದ ಮೇಲೆ ಅಪ್ಪನಿಗೆ ಕುಡಿಸಿದರು. ಮಾತು ಮಾತ್ರ ಇಲ್ಲ.

ಅಪ್ಪನೇ ಕ್ಷೀಣವಾದ ದನಿಯಲ್ಲಿ, "ಅಣ್ಣ, ಬಾವಿ ನೀನೇ ಮಡಿಕ" ಎಂದರು.

ದೊಡ್ಡಪ್ಪನ ಕಣ್ಣು ಕಿರಿದಾಯಿತು. ಅದೇ ಹಾಳು ಗುಮಾನಿ! ಈಗಲೂ ಜಗಳವೇ ಎಂದು ನನಗೆ ಅಳು ಬಂತು.

"ಯಾಕ್ಲಾ, ಇದ್ದಕ್ಕಿದ್ದಂಗೆ ಬಿಟ್ಕೊಡ್ತಿದೀಯಾ? ನಮ್ಮನ್ನೆಲ್ಲ ಬುಟ್ಟು ಓಗಕ್ಕೆ ನೋಡ್ತಿದೀಯಾ?" ಎಂದರು. "ನಂಗೆ ಬಾವಿ ಬ್ಯಾಡ ಕಣ್ಲಾ. ನೀನು ಎದ್ ಬಂದು ಜಗಳ ಆಡು."

ಅಪ್ಪನ ಕೈಯನ್ನು ಎದೆಗೆ ಒತ್ತಿಕೊಂಡು ದೊಡ್ಡಪ್ಪ ಬಿಕ್ಕಿ ಬಿಕ್ಕಿ ಅತ್ತರು. ಅಪ್ಪ ಆಮೇಲೆ ಗುಣವಾದರು. ಆದರೆ ಅವತ್ತು ನಾನು ಹಿಂದಿನಿಂದ ಹೋಗಿ ದೊಡ್ಡಪ್ಪನ ಬೆನ್ನಿಗೆ ಮುಖ ಒತ್ತಿ ನಿಂತುಬಿಟ್ಟೆ.