ಸುಜನನ ಹೆಸರಿಗೆ ಆರು ವಿಕೆಟ್

ಪಂದ್ಯದ ದಿನ ಬೆಳಿಗ್ಗೆಯೇ, ಕ್ರಿಕೆಟ್ ತಂಡದ ಯಜಮಾನ ಭುಜಂಗಣ್ಣನ ಸೋದರಳಿಯ, ಆಟಗಾರ ಸುಜನ್ ರಬಾಳೆ ಸ್ಟೇಷನ್ನಿನ ಮೆಟ್ಟಿಲಲ್ಲಿ ಕಾಲು ಉಳುಕಿಸಿಕೊಂಡ. ನೋವು ಅವನಿಗೆ, ಗ್ರಹಚಾರ ಚೆನ್ನಯನಿಗೆ.

ನಮ್ಮ ಕರಾವಳಿಯವರು ಮುಂಬಯಿಗೆ ಬಂದು ಜಾತಿಗೊಂದು ಸಂಘ ಕಟ್ಟಿದರು, ಸಂಘಕ್ಕೊಂದು ಕ್ರಿಕೆಟ್ ಕಪ್ ಇಟ್ಟರು. ಆಡುವುದಕ್ಕೆ ಸ್ವಜಾತಿಯವರೇ ಆಗಬೇಕು, ಗೆಲ್ಲುವುದಕ್ಕೆ ಮಾತ್ರ ಚೆನ್ನಯ ಬೇಕು. ಭುಜಂಗಣ್ಣನ ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯುವ ಈ ಮನುಷ್ಯ ಟೆನಿಸ್ ಚೆಂಡು ಎಸೆದರೆ ಬ್ಯಾಟಿನವನಿಗೆ ಕಾಣುತ್ತಿರಲಿಲ್ಲ, ಸದ್ದಷ್ಟೇ ಕೇಳುತ್ತಿತ್ತು. ಹದಿನಾರು ವರ್ಷ ಯಾರ್ಯಾರದೋ ಹೆಸರಲ್ಲಿ ಬೌಲ್ ಮಾಡಿದ. ಅವನ ಕೆಳಜಾತಿಗೆ ಕಪ್ಪೇ ಇರಲಿಲ್ಲ. ಈ ಸಲ, 2014ರಲ್ಲಿ, ಮೊದಲ ಬಾರಿಗೆ ಇಟ್ಟಿದ್ದರು, ಮುಂದಿನ ಭಾನುವಾರ. ವಯಸ್ಸು ಮೂವತ್ತೆಂಟು, ಭುಜ ಇನ್ನೊಂದು ವರ್ಷ ತಾಳದು. ಒಮ್ಮೆಯಾದರೂ ಮೈಕಿನಲ್ಲಿ "ಬೌಲರ್ ಚೆನ್ನಯ" ಎಂದು ಕೇಳಬೇಕು, ಅಷ್ಟೇ ಅವನ ಆಸೆ.

"ಇವತ್ತು ಬೇಡ ಧನಿ, ಭುಜ ಉಳಿಸ್ಕೊಳ್ಬೇಕು."

"ಕೆಲಸ ಉಳಿಸ್ಕೊಳ್ಬೇಡ್ವಾ?" ಎಂದರು ಭುಜಂಗಣ್ಣ. "ಸುಜನ್ ಊರಿಂದ ಬಂದು ಎರಡೇ ತಿಂಗಳು, ಮುಖ ಯಾರಿಗೂ ಗೊತ್ತಿಲ್ಲ. ಮೀಸೆ ಬೋಳಿಸು. ನಮ್ಮ ಬರಿ ಬಾಯಿಪಾಠ ಮಾಡು."

ಬರಿ ಎಂದರೆ ತಾಯಿಯ ಕಡೆಯ ಕುಲ. ಅದನ್ನು ಕೇಳದೆ ನಮ್ಮ ಹೆಂಗಸರು ಯಾರಿಗೂ ನೀರು ಕೊಡುವುದಿಲ್ಲ.

ತುರ್ಭೆ ಮೈದಾನದಲ್ಲಿ ಚೆನ್ನಯ ಆರು ವಿಕೆಟ್ ಕಿತ್ತ. ಕಪ್ ಬಂತು. ಮೈಕು "ಸುಜನ್, ಸುಜನ್" ಎಂದು ಗಂಟಲು ಹರಿದುಕೊಂಡಿತು. ಮಹಿಳಾ ವಿಭಾಗದ ರತ್ನಾವತಿಯಕ್ಕ ಶರಬತ್ತು ಹಿಡಿದು ಬಂದರು.

"ಯಾವ ಬರಿ ಮಗಾ?"

ಚೆನ್ನಯ ಗಿಳಿಪಾಠ ಒಪ್ಪಿಸಿದ.

"ನಮ್ಮದು ಬೇರೆ. ಒಳ್ಳೇದಾಯ್ತು, ಸಂಬಂಧ ಆಗ್ತದೆ. ಮಾನಸೀ, ಇಲ್ಲಿ ಬಾ."

ಮಗಳು ಒಮ್ಮೆ ನೋಡಿ, "ಆಯೀ, ತ್ಯಾಚೇ ಕೇಸ್ ಪಾಂಢರೇ ಆಹೇತ," ಎಂದು ಮರಾಠಿಯಲ್ಲಿ ಅವನ ಬಿಳಿ ಕೂದಲು ತೋರಿಸಿದಳು. ಇಪ್ಪತ್ನಾಲ್ಕರ ಸುಜನನಿಗೆ ನರೆಗೂದಲೇ ಎಂದು ಸೋತ ತಂಡದ ನಾಯಕ ಕಿವಿ ನಿಮಿರಿಸಿದ. ಇವನು ಸುಜನ್ ಅಲ್ಲ, ಬೇರೆ ಜಾತಿಯವನು ಎಂದು ಐದೇ ನಿಮಿಷದಲ್ಲಿ ದೂರು ಕೊಟ್ಟ. ಆದರೆ ಕೈಗೆ ಬಂದ ಅಳಿಯನನ್ನು ರತ್ನಾವತಿಯಕ್ಕ ಬಿಟ್ಟುಕೊಡುವವರೇ? "ಬರಿ ಹೇಳಿದ್ದಾನೆ. ಬೇರೆ ಜಾತಿಯವನಿಗೆ ಅದೆಲ್ಲ ಬರ್ತದಾ?" ಎಂದು ಸಂಘದ ಅಧ್ಯಕ್ಷರನ್ನು ಗದರಿದರು. ಅಧ್ಯಕ್ಷರು 'ಈ ಸುಜನ್ ಅಪ್ಪಟ ನಮ್ಮವನೇ' ಎಂದು ಬರೆದು ಮೊಹರು ಒತ್ತಿದರು. ಚೆನ್ನಯನ ಕೈಗೆ ಆ ಕಾಗದ ಹಿಡಿಸಿ ಫೋಟೋ ತೆಗೆದು ವಾಟ್ಸಪ್ಪಿಗೆ ಹಾಕಿದರು. ಹುಟ್ಟಿ ಸಿಗದ ಜಾತಿ ಶಾಯಿಯಿಂದ ಸಿಕ್ಕಿತು.

ಸಂಜೆ ದಿವಾದಲ್ಲಿ ಚೆನ್ನಯ ವಾಸವಿದ್ದ ಖೋಲಿಯೆದುರು ಲತೀಶ್ ಕಾದು ಕೂತಿದ್ದ. ಚೆನ್ನಯನ ಬಾಲ್ಯದ ಗೆಳೆಯ, ಅವನದೇ ಜಾತಿಯ ಸಂಘದ ಕಾರ್ಯದರ್ಶಿ. ಮೊಬೈಲಿನ ಫೋಟೋ ತೋರಿಸಿದ.

"ನೀನು ನಮ್ಮ ಕಪ್ಪಿನಲ್ಲಿ ಆಡುವ ಹಾಗಿಲ್ಲ ಮಾರಾಯ. ನಮ್ಮ ಜಾತಿಯವನಲ್ಲ ಅಂತ ಎದುರು ಟೀಮಿನವರು ಅರ್ಜಿ ಕೊಟ್ಟಿದ್ದಾರೆ."

"ನಿನ್ನ ಅಮ್ಮನೇ ನನ್ನ ಹೆರಿಗೆ ಮಾಡಿಸಿದ್ದು. ನಿಂಗೆ ಗೊತ್ತಿಲ್ವಾ?"

"ನಂಗೆ ಗೊತ್ತುಂಟು. ಕಮಿಟಿಗೆ ಮೊಹರು ಮಾತ್ರ ಗೊತ್ತು."

"ಸ್ವಜಾತಿ ಅಂತ ನಿಯಮ ಮಾಡಿದ್ದು ಯಾರು?"

"ನಿನ್ನ ಧನಿಯ ಸಂಘದ್ದೇ ನಿಯಮ. ನಾವು ಝೆರಾಕ್ಸ್ ಮಾಡಿಸಿದ್ದು."

ಚೆನ್ನಯನಿಗೆ ಬೈಯಬೇಕೆನಿಸಿತು. ಯಾವ ಜಾತಿಯನ್ನೆಂದು ತೋಚಲಿಲ್ಲ.

"ಬೇಜಾರು ಮಾಡ್ಬೇಡ," ಎಂದ ಲತೀಶ್. "ಅಂಪೈರ್ ಹೊರಗಿನ ಜಾತಿಯವನೇ ಆಗ್ಬೇಕಂತ ನಿಯಮದಲ್ಲಿ ಉಂಟು. ಯಾರೂ ಸಿಕ್ಲಿಲ್ಲ. ನೀನು ಬಾ."

ಚೆನ್ನಯ ಬೋಳಿಸಿದ ಮೀಸೆಯ ಜಾಗ ಸವರಿಕೊಂಡ.

"ಅಂಪೈರ್ ಹೆಸರು ಮೈಕಿನಲ್ಲಿ ಹೇಳ್ತೀರಾ?"

"ಹೇಳದೆ ಇರ್ತೇವಾ? ಪ್ರತೀ ಮ್ಯಾಚಿಗೂ ಹೇಳ್ತೇವೆ," ಎಂದ ಲತೀಶ್. "ಸುಜನ್ ಅಂತ."