ನಾದಿನಿಯ ಒಪ್ಪಿಗೆಯೂ ನನ್ನ ಲಿನಕ್ಸ್ ಸರ್ವರೂ

ನಮ್ಮ ಮನೆಯಿಂದ ಹೊರಟ ಒಂದೇ ಒಂದು ಇ-ಮೇಲ್ ಕೂಡ ಇನ್ನು ಮುಂದೆ ದಾರಿ ತಪ್ಪಕೂಡದು ಎಂದು ಎರಡು ಸಾವಿರದ ಮೂರನೇ ಇಸವಿಯ ಚಳಿಗಾಲದಲ್ಲಿ ನಾನು ಘೋರ ಪ್ರತಿಜ್ಞೆಯೊಂದನ್ನು ಮಾಡಿದೆ. ಸಾಕ್ಷಿಗೆ ಇದ್ದವಳು ನನ್ನ ಹೆಂಡತಿ ಮಧುಶ್ರೀ ಒಬ್ಬಳೇ. ಅವಳು ಅವರೆಕಾಯಿ ಸುಲಿಯುತ್ತಿದ್ದಳು.

"ಮಧು, ಇಡೀ ನಂಜನಗೂಡಲ್ಲಿ ಸ್ವಂತ ಲಿನಕ್ಸ್ ಸರ್ವರ್ ಇರೋ ಮನೆ ಇದೊಂದೇ ಕಣೇ! ಇಲ್ಲಿಂದ ಹೋದ ಇ-ಮೇಲು ಗುರಿ ಮುಟ್ಟಲಿಲ್ಲ ಅಂದ್ರೆ ನನ್ನ ಹೆಸರು ನಂಜೇಶ್ ಅಲ್ಲ!"

"ಅದಿರ್ಲಿ, ಮೊದ್ಲು ಫೋನ್ ಬಿಡಿ. ಅಮ್ಮನ ಹತ್ರ ಮಾತಾಡ್ಬೇಕು."

ಬಿಡುವುದು ಹೇಗೆ? ಮನೆಯ ಒಂದೇ ಫೋನಿನ ತಂತಿ ಮೋಡೆಮ್‌ಗೆ ಸಿಕ್ಕಿಸಿತ್ತು. ಪೇಟೆಯಲ್ಲಿ ನನ್ನದೊಂದು ಪುಟ್ಟ ಕಂಪ್ಯೂಟರ್ ಶಾಲೆ. ಲಿನಕ್ಸ್ ತಂತ್ರಾಂಶದಲ್ಲಿ ಓಡುತ್ತ ಇ-ಮೇಲ್ ಸಾಗಿಸುವ ಅದರ ಸರ್ವರ್ ಯಂತ್ರವನ್ನು ಮಾತ್ರ ಮನೆಯ ಹಾಲಿನಲ್ಲಿ, ಕಪಿಲಾ ಹೊಳೆಯ ಗಾಳಿ ಬೀಸುವ ಕಿಟಕಿಯ ಪಕ್ಕ ಇಟ್ಟುಕೊಂಡಿದ್ದೆ. ಅದರ ಫ್ಯಾನು ಹಗಲಿಡೀ ಗುಂಯ್ ಎನ್ನುತ್ತಿತ್ತು. ಆ ಗುಂಯ್‌ಗಾನದ ಮುಂದೆ ಕುಳಿತರೆ ನನಗೆ ಕಣ್ಣು ಬಿಟ್ಟಿರುವಾಗಲೇ ಕನಸು ಬೀಳುತ್ತಿತ್ತು. ಇದು ಕಾಯಿಲೆಯಲ್ಲ, ನನ್ನ ಸ್ವಭಾವ.

ಆ ಪ್ರತಿಜ್ಞೆಗೆ ಪರೀಕ್ಷೆ ಡಿಸೆಂಬರ್ ಐದು, ಶುಕ್ರವಾರ ಬಂತು. ನನ್ನ ನಾದಿನಿ ನಂದಿತಾಳನ್ನು ಹಿಂದಿನ ತಿಂಗಳು ಒಬ್ಬ ಹುಡುಗ ನೋಡಿಕೊಂಡು ಹೋಗಿದ್ದ. ಹೆಸರು ಮದನ್, ಟಿ. ನರಸೀಪುರದಲ್ಲಿ ಗಣಿತದ ಮೇಷ್ಟ್ರು. ಅವನಿಗೆ ಒಪ್ಪಿಗೆಯಾಗಿತ್ತು. ಆದರೆ ಹುಡುಗಿಯ ಮಾತು ದೊಡ್ಡವರ ಬಾಯಿಂದ ಬರಬಾರದು, ಅವಳೇ ಇ-ಮೇಲ್ ಬರೆಯಬೇಕು ಎಂದಿದ್ದ. ಅದೂ ಭಾನುವಾರದೊಳಗೆ! ಇನ್ನು ಹನ್ನೊಂದು ದಿನಕ್ಕೆ ಧನುರ್ಮಾಸ. ಅಷ್ಟರೊಳಗೆ ನಿಶ್ಚಿತಾರ್ಥ ಮುಗಿಯಬೇಕು. ಉತ್ತರ ಬಾರದಿದ್ದರೆ ಅವರ ಮನೆಯವರು ಕಳಲೆಯ ಹುಡುಗಿಯೊಬ್ಬಳನ್ನು ನೋಡಲು ಹೊರಡುವವರಿದ್ದರು.

ಇದಕ್ಕೆಂದೇ ನಮ್ಮ ಮನೆಗೆ ಬಂದಿದ್ದ ನಂದಿತಾ ಹಾಳೆಯ ಮೇಲೆ ಬರೆದು ತಂದುಕೊಟ್ಟಳು. "ನನಗೆ ಒಪ್ಪಿಗೆ ಇದೆ. ಆದರೆ ಮದುವೆಯಾದ ಮೇಲೂ ಓದುತ್ತೇನೆ." ಅಷ್ಟೇ.

ಮಾವ ಗುರುಮಲ್ಲಪ್ಪನವರು ಬಟ್ಟೆ ವ್ಯಾಪಾರಿಗಳು. ಅಂಗಡಿಗೆ ಹೋಗುವ ದಾರಿಯಲ್ಲಿ ನಮ್ಮ ಮನೆಯ ಬಾಗಿಲಲ್ಲಿ ನಿಂತು ಎಚ್ಚರಿಸಿದರು.

"ಅಳಿಯಂದ್ರೇ, ಅತ್ತೂವರೆಗೆ ರಾಹುಕಾಲ ಇಡೀತದೆ. ಅದರೊಳಗೆ ಓಗ್ಬುಡ್ಬೇಕು. ಎಷ್ಟೊತ್ಗೆ ಓಯ್ತು ಅನ್ನೋದ ಅಚ್ಚಾಕಿ ತೋರ್ಸಿ."

"ಯೋಚನೆ ಬಿಡಿ ಮಾವ, ಲಿನಕ್ಸು!" ಎಂದೆ.

ಒಂಬತ್ತೂವರೆಗೇ ಟೈಪ್ ಮಾಡಿ ಮುಗಿಸಿದೆ. ಕಳಿಸುವ ಮುಂಚೆ ಒಂದು ಗಳಿಗೆ ಕುರ್ಚಿಗೆ ಒರಗಿದೆ. ಹೊಳೆಯ ಗಾಳಿ ಬಂತು. ಫ್ಯಾನು ಗುಂಯ್ ಎಂದಿತು. ಲಿನಕ್ಸಿನ ಗುರುತಾದ ಪೆಂಗ್ವಿನ್ ಹಕ್ಕಿ ಜರಿ ಪೇಟ ಸುತ್ತಿಕೊಂಡು ಹಳೇ ಸೇತುವೆಯ ಮೇಲೆ ನಡೆದು ಬರುತ್ತಿತ್ತು. ಹಿಂದೆ ವಾಲಗ. ನೀರಿನ ಮೇಲೆ ಕಾಗದಗಳು ತೇಲುತ್ತ ಹೋಗುತ್ತಿದ್ದವು, ಒಂದೊಂದರ ಮೇಲೂ ನನ್ನ ಹೆಸರು. ಪೆಂಗ್ವಿನ್ ನನ್ನ ಕೊರಳಿಗೆ ಹಾರ ಹಾಕಲು ಕತ್ತೆತ್ತಿತು. ಕುಳ್ಳಗಿದ್ದುದರಿಂದ ನಾನೇ ಬಗ್ಗಿದೆ. ಬಗ್ಗಿದ ರಭಸಕ್ಕೆ ಹಣೆ ಮಾನಿಟರಿಗೆ ಬಡಿಯಿತು. ಗಡಿಯಾರ ನೋಡಿದರೆ ಹತ್ತೂ ಐವತ್ತು!

ರಾಹುಕಾಲ ಹಿಡಿದು ಇಪ್ಪತ್ತು ನಿಮಿಷ. ಬಿಡುವುದು ಹನ್ನೆರಡಕ್ಕೆ. ಅಷ್ಟು ಹೊತ್ತು ಯಾಕೆ ತಡ ಎಂದು ಮಾವ ಕೇಳಿದರೆ ಪೆಂಗ್ವಿನ್ ಕಥೆ ಹೇಳಲಾಗುತ್ತದೆಯೇ? ಆಗ ನನ್ನ ತಲೆಯಲ್ಲಿ ಮಿಂಚು ಹೊಳೆಯಿತು. ಸರ್ವರಿನೊಳಗಿನ ಗಡಿಯಾರಕ್ಕೆ ನಾನೇ ಯಜಮಾನನಲ್ಲವೇ! ಒಂದೇ ಆಜ್ಞೆ ಕೊಟ್ಟು ಅದನ್ನು ಹತ್ತೂ ಐದಕ್ಕೆ ಹಿಂದೆ ತಿರುಗಿಸಿದೆ. ದಿನ ಐದು, ತಿಂಗಳು ಹನ್ನೆರಡು, ಗಂಟೆ, ನಿಮಿಷ, ವರ್ಷ ಎಂದು ಶ್ರದ್ಧೆಯಿಂದ ಒತ್ತಿದೆ. ಮೇಲ್ ಕಳಿಸಿದೆ. ರಾಹುವನ್ನೇ ಯಾಮಾರಿಸಿದ ಮೊದಲ ಮನುಷ್ಯ ನಾನು ಎನ್ನಿಸಿ ಮೈ ಜುಮ್ಮೆಂದಿತು. ಅಚ್ಚು ಹಾಕಲು ಹೋದರೆ ಪ್ರಿಂಟರಿನಲ್ಲಿ ಮಸಿ ಮುಗಿದಿತ್ತು; ಹತ್ತೂ ಐದಕ್ಕೇ ಹೋಯಿತು ಎಂದು ಮಾವನಿಗೆ ಬಾಯಲ್ಲೇ ವರದಿ ಒಪ್ಪಿಸಿದೆ.

ಸಂಜೆಯಾಯಿತು, ಉತ್ತರವಿಲ್ಲ.

"ಭಾವ, ಏನಾದ್ರೂ ಬಂತಾ?" ನಂದಿತಾ ನನ್ನ ಕುರ್ಚಿಯ ಹಿಂದೆ ಬಂದು ನಿಂತು ಕೇಳಿದಳು.

"ಬರುತ್ತಮ್ಮ, ನರಸೀಪುರದ ಲೈನು ಸ್ವಲ್ಪ ನಿಧಾನ."

ಶನಿವಾರ ಬೆಳಿಗ್ಗೆಯೂ ಇಲ್ಲ. ಈಗ ಯುದ್ಧಕ್ಕೆ ಇಳಿದೆ! ಸರ್ವರ್ ಕೈಕೊಟ್ಟರೆ ಏನೇನು ನೋಡಬೇಕೋ ಎಲ್ಲ ನೋಡಿದೆ. ಡಿಸ್ಕ್ ತುಂಬಿದೆಯೇ? ಇಲ್ಲ. ಕೇಬಲ್ ಸಡಿಲವೇ? ಇಲ್ಲ. ಮೇಲ್ ಸಾಲಿನಲ್ಲಿ ಕಾದು ಕುಳಿತಿದೆಯೇ? ಸಾಲೇ ಖಾಲಿ. ಕೊನೆಗೆ ಲಾಗ್ ತೆರೆದೆ. ಲಾಗ್ ಎಂದರೆ ಸರ್ವರ್ ತಾನೇ ಬರೆದುಕೊಳ್ಳುವ ದಿನಚರಿ. ಡಿಸೆಂಬರ್ ಐದರ ಸಾಲುಗಳನ್ನು ತೋರಿಸು ಎಂದೆ. ಹತ್ತೂ ಐವತ್ತರ ತನಕ ಎಲ್ಲ ಇತ್ತು. ಆಮೇಲೆ ಒಂದಕ್ಷರವೂ ಇಲ್ಲ! ಡಿಸೆಂಬರ್ ಆರರದು ತೋರಿಸು ಎಂದರೆ ಪೂರಾ ಬಯಲು. ಎದುರಿಗೆ ಗುಂಯ್ ಎನ್ನುತ್ತಿರುವ ಯಂತ್ರ ನಿನ್ನೆಯಿಂದ ಬದುಕಿಯೇ ಇಲ್ಲ ಎಂದು ದಿನಚರಿ ಹೇಳುತ್ತಿತ್ತು.

ಆಫ್ ಮಾಡಿ ಆನ್ ಮಾಡಿದೆ, ಮೇಲ್ ಮತ್ತೆ ಕಳಿಸಿದೆ. ಉತ್ತರವಿಲ್ಲ. ಮತ್ತೆ ಕಳಿಸಿದೆ. ಸಂಜೆಯ ಹೊತ್ತಿಗೆ ಒಟ್ಟು ಹದಿನೇಳು ಸಲ ನನ್ನ ನಾದಿನಿ ಮದುವೆಗೆ ಒಪ್ಪಿದ್ದಳು.

"ರೀ, ನಾನೊಂದು ಫೋನ್ ಮಾಡಿ ಕೇಳ್ತೀನಿ, ತಂತಿ ಬಿಡಿಸಿ," ಎಂದಳು ಮಧುಶ್ರೀ.

"ಛೇ! ಲಿನಕ್ಸ್ ಇಟ್ಕೊಂಡು ಫೋನ್ ಮಾಡೋದಾ? ನನ್ನ ಮರ್ಯಾದೆ?"

"ನಿಮ್ ಮರ್ಯಾದೆ ನೋಡ್ತಾ ಕೂತ್ರೆ ನನ್ ತಂಗಿ ಮದ್ವೆ ಆಗಲ್ಲ. ಆ ಕಾಗದಾನ ಹೊಳೆಗೆ ಬಿಟ್ಟಿದ್ರೂ ಇಷ್ಟೊತ್ಗೆ ತಾನಾಗೇ ನರಸೀಪುರ ಸೇರಿರೋದು ಕಣ್ರೀ!"

ಮಾತು ನಿಜವೇ. ಕಪಿಲೆ ಹರಿದು ಕಾವೇರಿಯನ್ನು ಸೇರುವುದು ಅಲ್ಲಿಯೇ. ಕಿಟಕಿಯಿಂದ ಹೊಳೆಯ ಕಡೆ ನೋಡುತ್ತ ಕುಳಿತೆ. ಆ ಎರಡು ಸಾಲಿನ ಹಾಳೆ ಬಿಸಿಲಲ್ಲಿ ತಿರುಗುತ್ತ, ಬಟ್ಟೆ ಒಗೆಯುವವರನ್ನು ದಾಟಿ, ಕಬ್ಬಿನ ಗದ್ದೆಗಳ ಪಕ್ಕ ಮೆಲ್ಲಗೆ ಸಾಗುವುದು ಕಣ್ಣಿಗೆ ಕಟ್ಟಿತು. ಸಂಗಮದಲ್ಲಿ ಗಣಿತದ ಮೇಷ್ಟ್ರು ಮೊಣಕಾಲುದ್ದ ನೀರಿಗಿಳಿದು ಕೈ ಚಾಚಿದ್ದ. ಎಚ್ಚರವಾದಾಗ ನಂದಿತಾ ಊಟ ಬೇಡವೆಂದು ಗೋಡೆಯ ಕಡೆ ತಿರುಗಿ ಮಲಗಿದ್ದಳು.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಬಾಗಿಲಲ್ಲಿ ಮದನನೇ ನಿಂತಿದ್ದ! ಕೈಯಲ್ಲಿ ಕಾಗದದ ಕಂತೆ, ಮುಖ ಗಂಭೀರ. ಮಾವನೂ ಅಲ್ಲೇ ಇದ್ದರು. ಅವನು ಕೂರಲಿಲ್ಲ.

"ನಿನ್ನೆಯೆಲ್ಲ ಫೋನ್ ಮಾಡ್ದೆ, ಎಂಗೇಜ್ ಬರ್ತಿತ್ತು. ಇ-ಮೇಲೂ ಬರ್ಲಿಲ್ಲ, ಮನಸ್ಸಿಲ್ಲ ಅಂದ್ಕೊಂಡೆ. ಈವತ್ತು ಒಂಬತ್ತು ಗಂಟೆಗೆ ಬ್ರೌಸಿಂಗ್ ಸೆಂಟರಲ್ಲಿ ಕೂತು ಹಳೇ ಮೇಲ್ ಅಳಿಸ್ತಾ ತಳಕ್ಕೆ ಹೋದ್ರೆ, ಅಲ್ಲಿ ಇವು ಸಿಕ್ವು. ಹದಿನೇಳು! ಎಲ್ಲಾ ಮೇ ತಿಂಗಳದ್ದು."

"ಮೇ ತಿಂಗ್ಳಾ?" ಮಾವ ಕನ್ನಡಕ ಹುಡುಕಿದರು. "ನೀವು ಉಡ್ಗೀನ ನೋಡಾಕ್ ಬಂದಿದ್ದೇ ನವಂಬರಲ್ಲಿ!"

"ಅದನ್ನೇ ಕೇಳೋಕೆ ಬಂದೆ. ಮೇ ತಿಂಗಳಲ್ಲಿ ಇವರು ಯಾರನ್ನ ಒಪ್ಪಿದ್ರು?"

"ನಾನು ಮೊನ್ನೆ ಶುಕ್ರವಾರ ಬರ್ದಿದ್ದು..." ಎಂದ ನಂದಿತಾಳ ಕಣ್ಣು ತುಂಬಿತು. ಅವನು ನಂಬಿದಂತೆ ಕಾಣಲಿಲ್ಲ.

ಕಂತೆ ಕಸಿದು ನೋಡಿದೆ. ಮೇ ಹನ್ನೆರಡು, ಹತ್ತೂ ಐದು. ಅಯ್ಯೋ! ನಾವು ದಿನವನ್ನು ಮೊದಲು ಬರೆಯುವ ಜನ, ಲಿನಕ್ಸ್ ತಿಂಗಳನ್ನು ಮೊದಲು ಓದುವ ಜಾತಿ. ನನ್ನ ಐದು, ಹನ್ನೆರಡನ್ನು ಅದು ಐದನೇ ತಿಂಗಳ ಹನ್ನೆರಡು ಎಂದುಕೊಂಡಿತ್ತು. ಸರ್ವರ್ ಮೂರು ದಿನದಿಂದ ಬೇಸಿಗೆಯಲ್ಲಿ ಹಾಯಾಗಿತ್ತು, ದಿನಚರಿಯನ್ನೂ ಅಲ್ಲಿಯೇ ಬರೆಯುತ್ತಿತ್ತು!

ವೈರಸ್ ಬಂದಿತ್ತು ಎಂದು ಒಂದು ಸುಳ್ಳು ನಾಲಿಗೆಯ ತುದಿಗೆ ಬಂತು. ನಂದಿತಾಳ ಮುಖ ನೋಡಿದೆ, ನುಂಗಿಕೊಂಡೆ.

"ಮಾವ, ತಪ್ಪು ನಂದು. ಅವತ್ತು ಕೂತಲ್ಲೇ ಕನಸು ಕಾಣ್ತಿದ್ದೆ. ಎಚ್ಚರ ಆದಾಗ ರಾಹುಕಾಲ ಹಿಡಿದಿತ್ತು. ನಿಮಗೆ ಗೊತ್ತಾಗಬಾರ್ದು ಅಂತ ಸರ್ವರಿನ ಗಡಿಯಾರ ಹಿಂದಕ್ಕೆ ತಿರುಗಿಸ್ದೆ. ಅದು ಏಳು ತಿಂಗಳು ಹಿಂದಕ್ಕೆ ಹೋಗ್ಬಿಡ್ತು. ಹುಡುಗಿ ಬರೆದದ್ದು ಶುಕ್ರವಾರವೇ."

ಮದನ್ ನಗಲು ಶುರುಮಾಡಿದ, ನಗುತ್ತಲೇ ಕುರ್ಚಿಯಲ್ಲಿ ಕುಸಿದ. ನಂದಿತಾ ಸೆರಗಿನಿಂದ ಕಣ್ಣೊರೆಸಿಕೊಂಡು ಅಡುಗೆಮನೆಗೆ ಓಡಿದಳು. ಮಾವ ಮಾತ್ರ ನಗಲಿಲ್ಲ.

"ರಾಹುಕಾಲದಲ್ಲಿ ಕಳ್ಸುದ್ರಾ ನೀವು?" ಎಂದು ಬೆರಳು ಮಡಚಿ ಎಣಿಸಿದರು. "ಇವ್ರು ಓದಿದ್ದು ಭಾನ್ವಾರ ಒಂಬತ್ಗೆ. ಒಳ್ಳೇ ಗಳ್ಗೆ. ಓದಿದ್ ಒತ್ತೇ ನಮ್ಗೆ ಮುಖ್ಯ, ಬುಡಿ."

ಬದುಕಿದೆ! ನನ್ನ ಹಳೆಯ ಉತ್ಸಾಹ ಆ ಕ್ಷಣಕ್ಕೇ ಮರಳಿತು. "ಹಾಗಾದ್ರೆ ಮಾವ, ಮದುವೆಯ ಲಗ್ನಪತ್ರಿಕೆ ನಾನೇ ಕಂಪ್ಯೂಟರಲ್ಲಿ ಮಾಡಿ, ನಮ್ಮ ಸರ್ವರಿಂದಲೇ ಎಲ್ಲರಿಗೂ..."

ಕಾಫಿ ಲೋಟಗಳ ತಟ್ಟೆ ಹಿಡಿದು ಬಂದ ಮಧುಶ್ರೀ ಅಲ್ಲೇ ತಡೆದಳು.

"ನೀವು ಎಲೆ ಹಾಕಿ, ನೀರು ಬಡ್ಸಿ, ಚಪ್ಪಲಿ ಕಾಯಿರಿ. ತಾರೀಕಿನ ತಂಟೆಗೆ ಮಾತ್ರ ಬರ್ಬೇಡಿ. ಇಲ್ದಿದ್ರೆ ಇವರ ಮದ್ವೆಗೆ ಮುಂಚೇನೇ ಜನ ನಾಮಕರಣಕ್ಕೆ ಬಂದು ಕೂತಿರ್ತಾರೆ!"