ರೊಟ್ಟಿ ಬಿಟ್ಟವನ ಮೇಲೆ ಎಲ್ಲರಿಗೂ ಸಂಶಯ

ನಮ್ಮ ಕಡೆ ಜನ ಜೈಲಿಗೆ ಹೋಗಿ ಬಂದವನನ್ನಾದರೂ ಒಂದು ದಿನ ನಂಬಿಯಾರು, ರೊಟ್ಟಿ ಬಿಟ್ಟವನನ್ನು ಮಾತ್ರ ನಂಬುವುದಿಲ್ಲ. ನಾನು ಬಿಟ್ಟು ನೋಡಿದ್ದೇನೆ. ಅಂದಿನಿಂದ ವಾಡಿಯಲ್ಲಿರುವ ನನ್ನ ಮನೆಯಿಂದ ಹಿಡಿದು ಚಿಂಚೋಳಿ ತಾಲೂಕಿನ ತನಕ, ಎಲ್ಲಿ ಹೋಗಿ ಕುಂತರೂ ಯಾರೋ ಒಬ್ಬರು ನನ್ನ ತಾಟನ್ನು ಓರೆಗಣ್ಣಿನಿಂದ ನೋಡುತ್ತಲೇ ಇರುತ್ತಾರೆ.

ಡಾಕ್ಟರು ಹೇಳಿದ್ದು

ವಾಡಿ ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ ಮೊಳಕಾಲು ಕಟಕಟ ಅನ್ನಲಿಕ್ಕೆ ಶುರುವಾಗಿತ್ತು. ಡಾಕ್ಟರ ಹತ್ತಿರ ಹೋದೆ. ಅವರು ಕಾಲು ಮಡಚಿಸಿದರು, ಬಿಚ್ಚಿಸಿದರು, ಕೊನೆಗೆ ಅಂದರು:

"ನಿಮ್ಮ ಮೊಳಕಾಲಿಗೆ ಏನೂ ಆಗಿಲ್ರಿ. ಅದರ ಮ್ಯಾಲ ನೀವು ಕುಂತೀರಿ, ಅಷ್ಟೇ."

ರೊಟ್ಟಿ, ಅನ್ನ, ಸಕ್ಕರೆ, ಚುರುಮುರಿ ಎಲ್ಲ ಬಂದ್ ಅಂದರು. ಪ್ರೋಟೀನ್ ತಿನ್ನಿ ಅಂದರು.

"ತತ್ತಿ ತಿಂತೀರಿ?"

"ಇಲ್ರಿ."

"ಕೋಳಿ? ಮೀನು?"

"ಡಾಕ್ಟರ್ ಸಾಹೇಬ್ರ, ನಮ್ಮದು ಲಿಂಗ ಕಟ್ಟಿದ ಮನಿ."

"ಹಂಗಾದ್ರ ಬ್ಯಾರೆ ಏನರ ಹುಡುಕ್ರಿ. ಸೋಯಾ, ಪನ್ನೀರು, ಮೊಳಕಿ ಕಾಳು. ಬ್ಯಾಳಿ ಸುದ್ದಾ ಲೆಕ್ಕ ಇಟ್ಟು ತಿನ್ರಿ."

ತೊಗರಿ ನಾಡಿನಲ್ಲಿ ಹುಟ್ಟಿದವನಿಗೆ ಬ್ಯಾಳಿ ಲೆಕ್ಕ ಇಟ್ಟು ತಿನ್ನು ಅನ್ನುವುದು, ಹೊಳೆಯಲ್ಲಿ ಇರುವ ಎಮ್ಮೆಗೆ ಚಮಚದಿಂದ ನೀರು ಕುಡಿ ಅಂದಂತೆ. ಆದರೂ ತಲೆ ಆಡಿಸಿ ಬಂದೆ.

ಮನೆಗೆ ಬಂದು ವಿಷಯ ತಿಳಿಸಿದಾಗ ಹೆಂಡತಿ ಒಲೆಯ ಮುಂದಿದ್ದಳು. ಕೈಯಲ್ಲಿ ಬಡಿಯುತ್ತಿದ್ದ ರೊಟ್ಟಿ ಅಲ್ಲೇ ನಿಂತಿತು.

"ಮದಿವ್ಯಾದಾಗಿಂದ ನನ್ನ ಕೈ ರೊಟ್ಟಿ ತಿಂದೀರಿ. ಈಗ ಒಮ್ಮೆಲೇ ಬ್ಯಾಡಾತೇನು? ಖರೇ ಹೇಳ್ರಿ, ಎಲ್ಲಿ ಉಂಡು ಬರ್ಲಿಕತ್ತೀರಿ?"

ಆಮೇಲೆ ನಾನು ಆಫೀಸಿನಿಂದ ಬಂದ ಕೂಡಲೇ ಕೈ ತೊಳೆಯಲಿಕ್ಕೆ ನೀರು ಕೊಡುವ ಮೊದಲು ಕೈಯನ್ನು ಮೂಸಿ ನೋಡುವ ಪದ್ಧತಿ ಶುರುವಾಯಿತು. ತಾಳಲಾರದೆ ಡಾಕ್ಟರಿಗೆ ಫೋನ್ ಹಚ್ಚಿ ಅವಳ ಕೈಗೆ ಕೊಟ್ಟೆ. "ಖರೇ ನೀವೇ ಹೇಳೀರೇನ್ರಿ?" ಅಂತ ಕೇಳಿದಳು. ಆ ಕಡೆಯಿಂದ "ಹೌದವ್ವ, ನಾನೇ ಹೇಳೀನಿ" ಅಂದದ್ದು ನನಗೂ ಕೇಳಿಸಿತು. ಫೋನ್ ಇಟ್ಟು ನನ್ನ ಮುಖ ನೋಡಿದಳು.

"ಡಾಕ್ಟರ್‌ಗೂ ಕಲಿಸಿ ಇಟ್ಟೀರಲ್ಲ!"

ಹಸಿರು ಚುಕ್ಕಿ

ಮೊದಲು ಸಿಕ್ಕಿದ್ದು ಸೋಯಾ. ಒಣಗಿದ ಉಂಡೆಗಳು. ಬಿಸಿನೀರಿನಲ್ಲಿ ನೆನೆಸಿ, ಹಿಂಡಿ, ಮಸಾಲೆ ಹಾಕಿ ನಾನೇ ಕುದಿಸಿದೆ. ಹೆಂಡತಿ ಆ ಪಾತ್ರೆಯನ್ನು ಮುಟ್ಟಲಿಲ್ಲ. ಅಷ್ಟರಲ್ಲಿ ನಮ್ಮವ್ವ ಪೂಜೆ ಮುಗಿಸಿ ಅಡುಗೆಮನೆಗೆ ಬಂದವಳು ಹೊಸ್ತಿಲಲ್ಲೇ ನಿಂತು ಸೆರಗು ಮೂಗಿಗೆ ಹಿಡಿದಳು.

"ಏನೋ ಅದು, ಕುದಿಲಿಕತ್ತಿದ್ದು?"

"ಸೋಯಾ, ಅವ್ವ. ಕಾಳಿಂದ ಮಾಡಿದ್ದು."

"ಯಾವ ಕಾಳಿಗೆ ನರ ಇರ್ತಾವೋ?"

ಓಡಿ ಹೋಗಿ ಪಾಕೀಟು ತಂದು ತೋರಿಸಿದೆ. "ಇಲ್ಲಿ ಹಸಿರು ಚುಕ್ಕಿ ನೋಡು. ಹಸಿರು ಇತ್ತಂದ್ರ ಶುದ್ಧ ಶಾಕಾಹಾರ."

ಅವ್ವ ಕನ್ನಡಕ ಹಾಕಿಕೊಂಡು ಚುಕ್ಕಿಯನ್ನು ನೋಡಿದಳು, ಉಗುರಿನಿಂದ ಕೆರೆದೂ ನೋಡಿದಳು.

"ಕುರಿ ಸುದ್ದಾ ಹುಟ್ಟಿದಾಗಿಂದ ಹಸಿರೇ ತಿಂತದ. ಹಂಗಂತ ಅದಕ್ಕೂ ಚುಕ್ಕಿ ಹಚ್ಚಿ ಒಲಿ ಮ್ಯಾಲ ಇಡ್ತಿಯೇನು?"

ನನ್ನ ಮಾತಿನ ಮೇಲೆ ನಂಬಿಕೆ ಇಲ್ಲದೆ, ಪಕ್ಕದ ಮನೆಯ ಹೆಣ್ಣುಮಗಳನ್ನು ಪಂಚಾಯತಿಗೆ ಕರೆತಂದಳು. ಅವರದೂ ನಮ್ಮಂಥದೇ ಮನೆತನ. ಆಕೆ ಬಹಳ ಧೈರ್ಯ ಮಾಡಿ ಒಂದು ತುಣುಕು ಬಾಯಿಗೆ ಹಾಕಿಕೊಂಡಳು, ಕಣ್ಣು ಮುಚ್ಚಿ ಅಗಿದಳು, ಮುಖ ಅರಳಿತು.

"ಎಪ್ಪಾ! ಥೇಟ್ ಅದರಂಗೇ ಆಗ್ಯದ್ರಿ ಆಯಿ!"

ಅವ್ವ ಸೆರಗನ್ನು ಮೂಗಿನಿಂದ ಇಳಿಸಿದಳು. ನಿಧಾನಕ್ಕೆ ಕೇಳಿದಳು:

"ಅದರಂಗ ಅಂತ ನಿನಗ ಹ್ಯಾಂಗ ಗೊತ್ತಾತವ್ವ?"

ಸೇಡಮಿನಲ್ಲಿ ಟೋಫು

ಸೋಯಾಕ್ಕೆ ಮನೆಯಲ್ಲಿ ಬಹಿಷ್ಕಾರ ಬಿದ್ದ ಮೇಲೆ ಯಾರೋ ಟೋಫು ಅನ್ನುವ ಹೆಸರು ಹೇಳಿದರು. ನೋಡಲಿಕ್ಕೆ ಪನ್ನೀರಿನ ಹಾಗೇ ಇರುತ್ತದಂತೆ. ಒಂದು ದಿನ ಕೆಲಸದ ಮೇಲೆ ಸೇಡಮಿಗೆ ಹೋದಾಗ ದೊಡ್ಡದೊಂದು ಕಿರಾಣಿ ಅಂಗಡಿ ಕಂಡಿತು. ಒಳಗೆ ಹೋದೆ.

"ಟೋಫು ಅದ ಏನ್ರಿ?"

"ಟೋಪಿ ಇಲ್ರಿ ಅಣ್ಣಾರ. ಮುಂದ ಬಟ್ಟಿ ಅಂಗಡ್ಯಾಗ ಕೇಳ್ರಿ."

"ಟೋಪಿ ಅಲ್ರಿ, ಟೋಫು. ತಿನ್ನೋದು."

ಅಂಗಡಿಯವನು ತೂಕ ಮಾಡುವುದನ್ನು ನಿಲ್ಲಿಸಿದ. ಬೆಲ್ಲ ಕೊಳ್ಳಲಿಕ್ಕೆ ನಿಂತಿದ್ದವರು ಒಂದು ಹೆಜ್ಜೆ ದೂರ ಸರಿದರು.

"ಟೋಪಿ ತಿಂತೀರಿ?"

"ಪನ್ನೀರಿನಂಗೇ ಇರ್ತದ್ರಿ. ಆದರ ಎಮ್ಮಿ ಹಾಲಿಂದಲ್ಲ."

"ಆಕಳದ್ದೇನು?"

"ಅದೂ ಅಲ್ರಿ. ಸೋಯಾ ಹಾಲಿಂದು."

ಆತ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಮನೆಯ ದೊಡ್ಡವರು ಯಾರಾದರೂ ಜೊತೆಗೆ ಬಂದಿದ್ದಾರೋ ಏನೋ ಅಂತ ನನ್ನ ಹಿಂದೆಯೂ ಇಣುಕಿದ.

"ಸೋಯಾ ಯಾವಾಗಿಂದ ಹಾಲು ಕೊಡ್ಲಿಕತ್ತದ್ರಿ? ಸರಿ, ಕೊಡ್ತದಂತ ಹಿಡೀರಿ. ಆ ಪನ್ನೀರು ಸೋವಿಯೇನು?"

"ಇಲ್ರಿ, ಪನ್ನೀರಿಗಿಂತ ತುಟ್ಟಿ ಅಂತ."

ಆತ ಕೈ ಜೋಡಿಸಿದ. "ಅಣ್ಣಾರ, ಸಿಟ್ಟಾಗಬ್ಯಾಡ್ರಿ. ಟೋಪಿ ನನ್ನ ಅಂಗಡ್ಯಾಗ ಇಲ್ಲ. ನಿಮಗ ಆಗಲೇ ಯಾರೋ ಹಾಕ್ಯಾರ."

ಬಿಳಿ ಪುಡಿ

ಚಿತ್ತಾಪುರದಲ್ಲಿ ನಾನು ಕೆಲಸ ಮಾಡುವ ಆಫೀಸಿನಲ್ಲಿ ಮಧ್ಯಾಹ್ನ ಎಲ್ಲರೂ ಡಬ್ಬಿ ಬಿಚ್ಚಿ ಹಂಚಿಕೊಂಡು ಉಣ್ಣುವ ರೂಢಿ. ನಾನು ಪ್ರೋಟೀನ್ ಪುಡಿ ತರಿಸಿದ ಮೇಲೆ ಪಂಕ್ತಿ ತಪ್ಪಿತು. ದೊಡ್ಡ ಡಬ್ಬಿ ಹೊತ್ತುಕೊಂಡು ಹೋಗುವುದು ನಾಚಿಕೆ ಅಂತ ಪುಡಿಯನ್ನು ಚೀಟಿಯಲ್ಲಿ ಕಟ್ಟಿಕೊಂಡು ಹೋಗುತ್ತಿದ್ದೆ. ಗೋಡೆಗೆ ಮುಖ ಮಾಡಿ, ಬಾಟಲಿಯ ನೀರಿಗೆ ಸುರುವಿ, ಜೋರಾಗಿ ಅಲುಗಾಡಿಸಿ, ಕಣ್ಣು ಮುಚ್ಚಿ ಒಂದೇ ಗುಟುಕಿಗೆ ಕುಡಿಯುತ್ತಿದ್ದೆ. ರುಚಿ ಅಂಥದ್ದು, ಕಣ್ಣು ತೆರೆದು ಕುಡಿಯಲಿಕ್ಕೆ ಆಗುವಂಥದ್ದಲ್ಲ.

ನಮ್ಮ ಆಫೀಸಿನ ಸಿಪಾಯಿ, ಅಂದರೆ ಜವಾನ, ಇದನ್ನು ನೋಡಿ ಸಾಹೇಬರಿಗೆ ಮುಟ್ಟಿಸಿದ. ಸಾಹೇಬರು ಒಳಗೆ ಕರೆದು, ಬಾಗಿಲು ಹಾಕಿಸಿ, ತಗ್ಗಿದ ದನಿಯಲ್ಲಿ ಕೇಳಿದರು:

"ಮನ್ಯಾಗ ಏನರ ತ್ರಾಸ ಅದ ಏನ್ರಿ? ಎಷ್ಟು ದಿವಸದಿಂದ ಈ ಚಟ?"

ಚೀಟಿ ಬಿಚ್ಚಿ ಮೇಜಿನ ಮೇಲೆ ಇಟ್ಟೆ. ಅವರು ಪೆನ್ನಿನ ತುದಿಯಿಂದ ಮುಟ್ಟಿದರು, ಮೂಸಿದರು. ಸಿಪಾಯಿ ಸಾಕ್ಷಿದಾರನ ಹಾಗೆ ಪಕ್ಕದಲ್ಲಿ ನಿಂತಿದ್ದ.

"ಇದು ಶಕ್ತಿ ಪುಡಿ ಸಾಹೇಬ್ರ. ಮೈಯಾಗಿನ ತೂಕ ಇಳೀತದ, ತಾಕತ್ತು ಬರ್ತದ."

ಸಾಹೇಬರು ನಿರುಮ್ಮಳವಾಗಿ ಕುರ್ಚಿಗೆ ಒರಗಿದರು. ಸಿಪಾಯಿಯ ಮುಖ ಮಾತ್ರ ಇನ್ನಷ್ಟು ಕಪ್ಪಿಟ್ಟಿತು.

"ನೋಡ್ರಿ ಸಾಹೇಬ್ರ, ಇದು ಯಾವ ನ್ಯಾಯ? ಫೈಲ್ ಹೊರಾಂವ ನಾನು, ತಾಕತ್ತಿನ ಪುಡಿ ಇವರಿಗೆ!"

ಶಹಾಬಾದಿನ ಗಾಡಿ

ನಮ್ಮ ಓಣಿಯಲ್ಲಿ ಒಬ್ಬ ಹಿರಿಯರಿದ್ದಾರೆ. ಸಣ್ಣವರು ದೊಡ್ಡವರು ಎಲ್ಲರೂ ಮುತ್ಯಾ ಅನ್ನುತ್ತೇವೆ. ಸೋಯಾದ ಸುದ್ದಿ ಕಿವಿಗೆ ಬಿದ್ದಾಗಿನಿಂದ ಅವರಿಗೆ ನನ್ನ ಮೇಲೆ ಕಣ್ಣು. ಎದುರಿಗೆ ಸಿಕ್ಕರೆ ಸಾಕು, "ನಾಲಿಗಿ ಕಟ್ಟಬೇಕು ತಮ್ಮಾ, ನಾಲಿಗಿ ಕಟ್ಟಬೇಕು" ಅನ್ನುತ್ತಿದ್ದರು.

ನನ್ನ ಗೆಳೆಯನೊಬ್ಬ ಗುಟ್ಟಾಗಿ ಹೇಳಿದ: "ಸುಮ್ಮನ ಯಾಕ ಒದ್ದಾಡ್ತಿ? ಶಹಾಬಾದ್‌ಗ ಹೋಗು. ಬಜಾರದಾಗ ತತ್ತಿ ಗಾಡಿ ನಿಂತಿರ್ತದ. ಅಲ್ಲಿ ನಿನ್ನ ಯಾರು ಬಲ್ಲರು?"

ಒಂದು ಸಂಜೆ ಹೋದೆ. ತಿನ್ನಲಿಕ್ಕೆ ಹೋಗಿದ್ದೆನೋ, ಬರೀ ನೋಡಲಿಕ್ಕೆ ಹೋಗಿದ್ದೆನೋ, ಇವತ್ತಿಗೂ ನನ್ನ ಮೇಲೆ ನನಗೇ ಸಂಶಯ. ಗಾಡಿಯ ಈಚೆಗೆ ನಾನು ಹೋಗಲೋ ಬೇಡವೋ ಅಂತ ಹಿಂದೆ ಮುಂದೆ ನೋಡುತ್ತಾ ನಿಂತೆ. ಆಚೆಗೆ ಒಬ್ಬರು ತಲೆಯ ಮೇಲೆ ಟವೆಲು ಹೊದ್ದು, ಬೆನ್ನು ತಿರುಗಿಸಿ ನಿಂತಿದ್ದರು. ಟವೆಲು ಸರಿಯಿತು. ನೋಡುತ್ತೇನೆ, ಮುತ್ಯಾ! ಒಂದು ಗಲ್ಲ ಉಬ್ಬಿಕೊಂಡಿದೆ.

ನಾನೇ ಮೊದಲು ಬಾಯಿ ಬಿಟ್ಟೆ.

"ಮುತ್ಯಾ, ಗಲ್ಲಕ್ಕ ಏನಾಗ್ಯದ್ರಿ?"

ಮುತ್ಯಾ ಗಲ್ಲದ ಮೇಲೆ ಕೈ ಇಟ್ಟುಕೊಂಡು, "ಹಲ್ಲು... ಬ್ಯಾನಿ..." ಅಂದರು.

ಗಾಡಿಯವನಿಗೆ ಇದೆಲ್ಲ ಏನು ಗೊತ್ತು? "ಯಜಮಾನ್ರ, ಇನ್ನೊಂದು ಸುಲೀಲೇನ್ರಿ? ದಿನಾ ಎರಡು ಅಲ್ಲೇನ್ರಿ ನಿಮ್ದು?" ಅಂದುಬಿಟ್ಟ.

ಮುತ್ಯಾ ಗಟಕ್ಕನೆ ನುಂಗಿದರು. ಮೀಸೆಯ ಮೇಲೆ ಮೆಣಸಿನ ಪುಡಿ ಹಾಗೇ ಇತ್ತು. ಬೆರಳೆತ್ತಿ ನನ್ನನ್ನೇ ಗದರಿದರು:

"ನೀ ಇಲ್ಲಿ ಬಂದೇ ಬರ್ತಿ ಅಂತ ನನಗ ಗೊತ್ತಿತ್ತು. ನಿನ್ನ ಹಿಡೀಬೇಕಂತೇ ದಿನಾ ಬಂದು ಇಲ್ಲಿ ಕಾಯ್ಲಿಕತ್ತೀನಿ!"

ಐನಾಪುರದ ಊಟ

ಇಷ್ಟೆಲ್ಲ ನಗುವ ಮಾತು. ಒಂದು ಸಲ ಮಾತ್ರ ನನ್ನ ಜೀವ ಬಾಯಿಗೆ ಬಂದಿತ್ತು.

ಮಗಳಿಗೆ ಚಿಂಚೋಳಿ ತಾಲೂಕಿನ ಐನಾಪುರದ ಒಂದು ಒಳ್ಳೆಯ ಸಂಬಂಧ ಬಂತು. ಹುಡುಗ ಬಂದು ನೋಡಿ ಹೋಗಿದ್ದ. ಮಗಳು ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಅವನ ಹೆಸರು ಬಂದಾಗ ಅಡುಗೆಮನೆಗೆ ಓಡುತ್ತಿದ್ದಳು. ನಮಗೆ ಅಷ್ಟು ಸಾಕಿತ್ತು. ಅವರ ಮನೆ ನೋಡಲಿಕ್ಕೆ ನಾನು, ಹೆಂಡತಿ ಹೋದೆವು.

ಹೋಳಿಗೆ ಮಾಡಿದ್ದರು. ಬಿಸಿ ರೊಟ್ಟಿ, ಎಣ್ಣೆಗಾಯಿ, ಕೆನೆ ಮೊಸರು, ಶೇಂಗಾ ಹಿಂಡಿ ಚಟ್ನಿ, ಮಿಳ್ಳೆ ತುಂಬ ತುಪ್ಪ. ನಾನು ಎಣ್ಣೆಗಾಯಿ, ಮೊಸರು, ಹಿಂಡಿ ಹಾಕಿಸಿಕೊಂಡು ಉಳಿದುದಕ್ಕೆ ಕೈ ಅಡ್ಡ ಹಿಡಿದೆ. ಹುಡುಗನ ತಂದೆ ಉಣ್ಣುವುದನ್ನು ಬಿಟ್ಟು ನನ್ನನ್ನೇ ನೋಡಿದರು.

"ಸಕ್ಕರಿ ಬ್ಯಾನಿ ಅದ ಏನ್ರಿ ಬೀಗರ?"

"ಇಲ್ರಿ."

"ಹೊಟ್ಟಿ ಬ್ಯಾನಿ?"

"ಇಲ್ರಿ."

"ಏನರ ಹರಕಿ?"

"ಇಲ್ರಿ. ತೂಕ ಇಳಿಸ್ಲಿಕತ್ತೀನಿ."

ಒಳಗಿನ ಕೋಣೆಯಿಂದ ಹುಡುಗನ ಅಜ್ಜಿ ಕಿವಿ ಮಂದ ಇರುವವರು ಮಾತಾಡುವ ಹಾಗೆ ಜೋರಾಗಿ ಅಂದರು:

"ಮನಿತನದಾಗ ಏನೋ ಜಡ್ಡು ಅದ, ಮುಚ್ಚಿ ಇಟ್ಟಾರ. ಗಟ್ಟಿ ಮನಷ್ಯಾ ಹೋಳಿಗಿ ಬ್ಯಾಡಂತಾನೇನು?"

ಹುಡುಗನ ತಂದೆ ತಾಟಿಗೆ ಕಣ್ಣು ಇಳಿಸಿದರು. ಮಾತು ಮುರಿಯುವ ಮುಖ ನಾನು ಬೇರೆ ಕಡೆಯೂ ನೋಡಿದ್ದೇನೆ, ಅದು ಹೀಗೇ ಇರುತ್ತದೆ. ಮಗಳು ಮನೆಯಲ್ಲಿ ಫೋನ್ ಕೈಯಲ್ಲಿ ಹಿಡಿದುಕೊಂಡು ಕುಂತಿರುತ್ತಾಳೆ ಅನ್ನುವುದು ನೆನಪಾಯಿತು. ನೀರು ಕೊಡುವ ನೆವದಲ್ಲಿ ಬಂದ ಹೆಂಡತಿ ಕಿವಿಯ ಹತ್ತಿರ ಬಗ್ಗಿ ಅಂದಳು:

"ಮಗಳ ಬಾಳ್ವಿ ದೊಡ್ಡದೋ, ನಿಮ್ಮ ಹೊಟ್ಟಿ ದೊಡ್ಡದೋ?"

ಹೊಟ್ಟೆ ದೊಡ್ಡದು ಅಂತಲೇ ಅಲ್ಲವೇ ಇಷ್ಟೆಲ್ಲ ಅಂತ ಅನ್ನಲಿಕ್ಕೆ ಹೋದವನು ಬಡಿಸುವವರ ಕಡೆ ತಿರುಗಿದೆ. "ತರ್ರಿ ಹೋಳಿಗಿ" ಅಂದೆ.

ಮೊದಲನೆಯದನ್ನು ತಿಂದದ್ದು ಮಗಳಿಗಾಗಿ. ಇದನ್ನು ಆಣೆ ಮಾಡಿ ಹೇಳುತ್ತೇನೆ. ಆಮೇಲಿನದು ಯಾರಿಗಾಗಿ ಅಂತ ಕೇಳಬೇಡಿ. ತುಪ್ಪದಲ್ಲಿ ಮುಳುಗಿದ ಹೋಳಿಗೆ ಎಷ್ಟೋ ತಿಂಗಳ ಮೇಲೆ ನಾಲಿಗೆ ಮುಟ್ಟಿದಾಗ ನನಗೆ ಮುಂದಿನದು ಕಾಣಲಿಲ್ಲ. ಹೋಳಿಗೆ ಬಂತು, ಹೋಯಿತು. ರೊಟ್ಟಿ ಬಂತು, ಹೋಯಿತು. ಅನ್ನ ಬಂತು, ಕಟ್ಟಿನ ಸಾರು ಬಂತು, "ಹೋಳಿಗಿ ಇನ್ನೂ ಅವೇನ್ರಿ?" ಅಂತ ನಾನೇ ಕೇಳಿದೆನಂತೆ. ಹೆಂಡತಿ ಆಮೇಲೆ ಹೇಳಿದಳು. ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಬಂದು ಬಾಗಿಲಲ್ಲಿ ನಿಂತು ನೋಡಿದರು. ಅಜ್ಜಿಯೂ ಗೋಡೆ ಹಿಡಿದುಕೊಂಡು ಬಂದರು. ಮಿಳ್ಳೆ ಬೋರಲು ಹಾಕಿ ಕೊನೆಯ ಹನಿ ತುಪ್ಪ ಬಡಿಸಿಕೊಂಡ ಮೇಲೆಯೇ ನಾನು ತಲೆ ಎತ್ತಿದ್ದು.

ಅವರ ಮನೆಯವರೆಲ್ಲ ಎದ್ದು ಒಳಗೆ ಹೋಗಿ ಪಿಸುಪಿಸು ಮಾತಾಡಿದರು. ನನ್ನ ಹೆಂಡತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕುಂತಳು. ಕೊನೆಗೆ ಹುಡುಗನ ತಂದೆ ಹೊರಗೆ ಬಂದು, ಗಂಟಲು ಸರಿ ಮಾಡಿಕೊಂಡು, ಕೈ ಮುಗಿದು ಕುಂತರು.

"ಬೀಗರ, ಜಡ್ಡು ಇಲ್ಲಂತ ಖಾತ್ರಿ ಆಯ್ತು. ಸಂಬಂಧ ನಮಗ ಒಪ್ಪಿಗಿ ಅದ. ಬಂಗಾರ ಬ್ಯಾಡ, ಹುಂಡಾ ವರದಕ್ಷಿಣಿ ಬ್ಯಾಡ. ಒಂದೇ ಒಂದು ಕರಾರು."

"ಏನ್ರಿ ಅದು?" ಅಂದೆ.

"ಮದಿವಿ ಊಟ ಮಾತ್ರ ನಿಮ್ಮ ಕಡಿಂದೇ ಆಗಲಿ. ಊರಿಗೆಲ್ಲಾ ಬೇಕಾದ್ರ ನಾವು ಉಣಿಸ್ತೀವಿ, ನಿಮಗ ಉಣಿಸೋ ತಾಕತ್ತು ನಮಗಿಲ್ರಿ."